ಪ್ರಾಸ್ಟೇಟ್ ಆಪರೇಷನ್ ಆದಮೇಲೆ ಮೂತ್ರ ಸೋರುತ್ತಿದೆಯಾ? ಗಂಡಸರು ದನಿ ತಗ್ಗಿಸಿ ಕೇಳುವ ಪ್ರಶ್ನೆಗಳು

ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಸೋರಿಕೆ ಉಳಿಯಿತು. 14 ತಿಂಗಳು ಪ್ಯಾಡ್ ಕಟ್ಟಿಕೊಂಡು ಓಡಾಡಿ, ಕೊನೆಗೆ ಕೃತಕ ಸ್ಫಿಂಕ್ಟರ್, ಅಂದರೆ ಮೂತ್ರ ತಡೆಯುವ ಒಂದು ಸಾಧನ, ಹಾಕಿಸಿಕೊಂಡೆ. ಆಗಿನಿಂದ ಪರಿಚಯದವರು, ಅವರ ಷಡ್ಡಕರು, ಷಡ್ಡಕರ ಸ್ನೇಹಿತರು ಫೋನ್ ಮಾಡುತ್ತಲೇ ಇದ್ದಾರೆ. ಮೊದಲ ಐದು ನಿಮಿಷ ಮಳೆ, ಅಡಿಕೆ ರೇಟು, ಮಕ್ಕಳ ಮದುವೆ. ಆಮೇಲೆ ದನಿ ತಗ್ಗುತ್ತದೆ. ಪ್ರಶ್ನೆಗಳು ಹೆಚ್ಚುಕಮ್ಮಿ ಅವೇ, ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮೈಗೆ ಏನು ಸರಿ ಅಂತ ಹೇಳಬೇಕಾದವರು ನಿಮ್ಮ ಯೂರಾಲಜಿಸ್ಟ್, ಅಂದರೆ ಮೂತ್ರರೋಗದ ಡಾಕ್ಟರ್. ಅವರ ಮುಂದೆ ಕೂತಾಗ ಏನು ಕೇಳಬೇಕು ಅಂತ ಗೊತ್ತಿದ್ದರೆ ಒಳ್ಳೆಯದು, ಅಷ್ಟೇ.

## ಮೊದಲು, ಯಾಕೆ ಸೋರುತ್ತದೆ

ಕ್ಯಾನ್ಸರ್ ಹೋಯ್ತು ಅಂದ್ರು. ಈಗ ಕೆಮ್ಮಿದ್ರೂ ಪ್ಯಾಂಟ್ ಒದ್ದೆ. ಆಪರೇಷನ್ ಕೆಟ್ಟುಹೋಯ್ತಾ?

ಹಾಗೆ ಅಂದುಕೊಳ್ಳಬೇಕಾಗಿಲ್ಲ. ಗಂಡಸರಿಗೆ ಮೂತ್ರ ತಡೆದಿಡಲು ಎರಡು ಬಾಗಿಲು ಇವೆ. ಒಂದು ಮೂತ್ರಕೋಶದ ಕುತ್ತಿಗೆಯಲ್ಲಿ, ಇನ್ನೊಂದು ಪ್ರಾಸ್ಟೇಟ್‌ನ ಕೆಳಗೆ. ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆಯುವಾಗ ಮೇಲಿನ ಬಾಗಿಲು ಅದರ ಜೊತೆ ಹೋಗುತ್ತದೆ ಅಥವಾ ಸಡಿಲವಾಗುತ್ತದೆ. ಇಷ್ಟು ವರ್ಷ ಇಬ್ಬರು ಮಾಡುತ್ತಿದ್ದ ಕೆಲಸ ಕೆಳಗಿನ ಒಬ್ಬನ ತಲೆಗೆ ಬಂತು. ಆಪರೇಷನ್‌ನಲ್ಲಿ ಅವನಿಗೂ, ಅವನ ನರಗಳಿಗೂ ಸ್ವಲ್ಪ ಪೆಟ್ಟು ಬಿದ್ದಿರುತ್ತದೆ. ಕೆಮ್ಮು, ಸೀನು, ನಗು, ಕುರ್ಚಿಯಿಂದ ಏಳುವುದು, ಬಿಂದಿಗೆ ಎತ್ತುವುದು, ಹೀಗೆ ಹೊಟ್ಟೆಯ ಒತ್ತಡ ಏರಿದಾಗಲೆಲ್ಲ ಅವನು ಸೋಲುತ್ತಾನೆ. ಇದನ್ನೇ ಸ್ಟ್ರೆಸ್ ಇನ್‌ಕಾಂಟಿನೆನ್ಸ್ ಅನ್ನುತ್ತಾರೆ. ಈ ಸ್ಟ್ರೆಸ್ ಮನಸ್ಸಿನದಲ್ಲ, ಹೊಟ್ಟೆಯ ಒತ್ತಡದ್ದು. ನಮ್ಮ ನೆಂಟರೊಬ್ಬರು ಮೂರು ತಿಂಗಳು ಧ್ಯಾನದ ಕ್ಲಾಸಿಗೆ ಹೋಗಿ ಬಂದರು, ಪಾಪ.

ಕ್ಯಾನ್ಸರ್ ಇಲ್ಲದೆ, ಬರೀ ಊದಿದ ಪ್ರಾಸ್ಟೇಟ್‌ಗೆ ಒಳಗಿಂದ ಕೆರೆಯುವ ಟಿಯುಆರ್‌ಪಿ ಮಾಡಿಸಿದವರಿಗೂ ಹೀಗಾಗಬಹುದು. ಆದರೆ ತುಂಬಾ ಅಪರೂಪ.

ರಾತ್ರಿ ಮಲಗಿದಾಗ ಒಂದು ಹನಿ ಇಲ್ಲ, ಸಂಜೆ ಹೊತ್ತಿಗೆ ಪ್ಯಾಡ್ ತುಂಬುತ್ತೆ. ಇದೆಂಥ ವಿಚಿತ್ರ?

ವಿಚಿತ್ರ ಏನಿಲ್ಲ. ಮಲಗಿದಾಗ ಬಾಗಿಲಿನ ಮೇಲೆ ಭಾರ ಕಮ್ಮಿ. ಎದ್ದು ಓಡಾಡುತ್ತಾ ಹೋದ ಹಾಗೆ ಕೆಳಗಿನ ಸ್ನಾಯು ದಣಿಯುತ್ತದೆ, ಸಂಜೆಗೆ ಕೈ ಚೆಲ್ಲುತ್ತದೆ. ರಾತ್ರಿ ಒಣಗಿರುವುದು ಒಳ್ಳೆಯ ಸೂಚನೆ, ಕೆಳಗಿನ ಬಾಗಿಲು ಒಂದಿಷ್ಟು ಕೆಲಸ ಮಾಡುತ್ತಿದೆ ಅಂತ ಅರ್ಥ. ಡಾಕ್ಟರ್ ಹತ್ತಿರ ಇದನ್ನು ತಪ್ಪದೆ ಹೇಳಿ.

ನನಗೆ ಕೆಮ್ಮಿದಾಗ ಅಲ್ಲ, ಅವಸರ ಆದ್ರೆ ಬಾತ್‌ರೂಂ ಬಾಗಿಲು ಮುಟ್ಟೋದ್ರೊಳಗೆ ಆಗಿಬಿಡುತ್ತೆ. ಇದೂ ಅದೇನಾ?

ಇದು ಬೇರೆ. ಅಲ್ಲಿ ತಕರಾರು ಬಾಗಿಲಿನದಲ್ಲ, ಮೂತ್ರಕೋಶದ್ದು. ಹೇಳದೆ ಕೇಳದೆ ಅದೇ ಹಿಂಡಿಕೊಳ್ಳುತ್ತದೆ. ಇದಕ್ಕೆ ಮಾತ್ರೆಗಳಿವೆ, ಮೂತ್ರಕೋಶಕ್ಕೆ ಕೊಡುವ ಬೊಟಾಕ್ಸ್ ಇಂಜೆಕ್ಷನ್ ಇದೆ. ಮುಂದೆ ಹೇಳುವ ಸ್ಲಿಂಗ್ (ಮೂತ್ರನಾಳದ ಕೆಳಗೆ ಕೂರಿಸುವ ಪಟ್ಟಿ), ಸ್ಫಿಂಕ್ಟರ್ ಹಾಕಿದರೆ ಇದು ಹೋಗುವುದಿಲ್ಲ. ಕೆಲವರಿಗೆ, ಅದರಲ್ಲೂ ರೇಡಿಯೇಷನ್ ಆದವರಿಗೆ, ಎರಡೂ ಸೇರಿಕೊಂಡಿರುತ್ತವೆ. ಆಗ ಸಾಮಾನ್ಯವಾಗಿ ಅವಸರದ್ದನ್ನು ಮೊದಲು ಹತೋಟಿಗೆ ತರುತ್ತಾರೆ.

ನೀರು ಕುಡಿಯೋದು ಕಮ್ಮಿ ಮಾಡಿದ್ರೆ ಸೋರೋದೂ ಕಮ್ಮಿ ಆಗುತ್ತಲ್ಲ?

ನಾನೂ ಈ ಬುದ್ಧಿವಂತಿಕೆ ಮಾಡಿದವನೇ. ಮೂತ್ರ ಗಟ್ಟಿಯಾಗಿ ಉರಿ ಶುರುವಾಯಿತು, ಮಲಬದ್ಧತೆ ಬಂತು. ಮುಕ್ಕಿದರೆ ಇನ್ನೂ ಜಾಸ್ತಿ ಸೋರುತ್ತದೆ. ನೀರು ಕುಡಿಯಿರಿ. ಕಾಫಿ, ಟೀ ಒಂದೆರಡು ಲೋಟ ಕಮ್ಮಿ ಮಾಡಿ ನೋಡಿ. ಬೀಡಿ, ಸಿಗರೇಟ್ ಕೆಮ್ಮು ಇದ್ದರೆ ಅದನ್ನು ಬಿಡುವುದೇ ಅರ್ಧ ಔಷಧಿ.

ಕೆಗೆಲ್ ವ್ಯಾಯಾಮ ಮಾಡ್ತಾನೇ ಇದ್ದೀನಿ, ಏನೂ ಪ್ರಯೋಜನ ಕಾಣ್ತಿಲ್ಲ. ಬಿಟ್ಟುಬಿಡ್ಲಾ?

ಬಿಡುವ ಮೊದಲು ಸರಿಯಾಗಿ ಮಾಡುತ್ತಿದ್ದೀರಾ ನೋಡಿ. ಹೆಚ್ಚಿನವರು ಹೊಟ್ಟೆ ಬಿಗಿಹಿಡಿದು, ಉಸಿರು ಕಟ್ಟಿ, ತೊಡೆ ಒತ್ತಿಕೊಂಡು ಇದೇ ಕೆಗೆಲ್ ಅಂದುಕೊಂಡಿರುತ್ತಾರೆ. ಗ್ಯಾಸ್ ಹೋಗದ ಹಾಗೆ ತಡೆಯುತ್ತೀರಲ್ಲ, ಅದರ ಜೊತೆಗೆ ಶಿಶ್ನವನ್ನು ಬುಡದಿಂದ ಒಳಕ್ಕೆ ಎಳೆದುಕೊಳ್ಳುವ ಹಾಗೆ ಬಿಗಿ ಮಾಡಬೇಕು. ಉಸಿರಾಟ ಸಲೀಸಾಗಿ ನಡೆಯುತ್ತಿರಬೇಕು. ಐದರಿಂದ ಹತ್ತು ಸೆಕೆಂಡ್ ಹಿಡಿದು, ಅಷ್ಟೇ ಹೊತ್ತು ಬಿಟ್ಟು, ಹತ್ತು ಸಲ. ದಿನಕ್ಕೆ ಮೂರು ಹೊತ್ತು, ಮಲಗಿ, ಕೂತು, ನಿಂತು. ಕೆಮ್ಮುವ ಮುಂಚೆ, ಏಳುವ ಮುಂಚೆ ಬಿಗಿ ಹಿಡಿಯುವುದನ್ನೂ ರೂಢಿ ಮಾಡಿ. ಮೂತ್ರ ಹೋಗುತ್ತಿರುವಾಗ ಮಧ್ಯೆ ನಿಲ್ಲಿಸುವುದನ್ನು ದಿನದ ಅಭ್ಯಾಸ ಮಾಡಿಕೊಳ್ಳಬೇಡಿ. ಪೆಲ್ವಿಕ್ ಫ್ಲೋರ್ (ಮೂತ್ರ ತಡೆಯುವ ಕೆಳಹೊಟ್ಟೆಯ ಸ್ನಾಯುಗಳು) ಗೊತ್ತಿರುವ ಫಿಸಿಯೋಥೆರಪಿಸ್ಟ್ ಹತ್ತಿರ ಒಂದೆರಡು ಸಲ ಹೋಗಿ ಬನ್ನಿ. ನನ್ನ ತಪ್ಪು ನನಗೆ ಗೊತ್ತಾಗಿದ್ದು ಅಲ್ಲೇ.

ಎಷ್ಟು ದಿನ ಕಾಯಬೇಕು? ಮಗ ಈಗಲೇ ಆಪರೇಷನ್ ಮಾಡಿಸೋಣ ಅಂತಾನೆ.

ಆಪರೇಷನ್ ಹೊತ್ತಿಗೆ ಹಾಕಿದ ಕ್ಯಾತಿಟರ್ (ಮೂತ್ರದ ಪೈಪ್) ತೆಗೆದ ಮೊದಲ ವಾರಗಳಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಸೋರುತ್ತದೆ, ಹೆದರಬೇಡಿ. ಬಹಳ ಜನಕ್ಕೆ ತಿಂಗಳು ಕಳೆದ ಹಾಗೆ ಕಮ್ಮಿಯಾಗುತ್ತಾ ಒಂದು ವರ್ಷದೊಳಗೆ ತಹಬಂದಿಗೆ ಬರುತ್ತದೆ. ಸಾಮಾನ್ಯವಾಗಿ ಒಂದು ವರ್ಷ ಕಾಯಿಸುತ್ತಾರೆ. ಆದರೆ ಆರು ತಿಂಗಳು ವ್ಯಾಯಾಮ ಮಾಡಿದರೂ ಸೋರಿಕೆ ಜೋರಾಗಿಯೇ ಇದ್ದು, ಸುಧಾರಣೆಯೇ ಕಾಣದಿದ್ದರೆ, ಆಗಲೇ ಆಪರೇಷನ್ ಬಗ್ಗೆ ಮಾತಾಡಬಹುದು ಅಂತ ಅಮೆರಿಕದ ಯೂರಾಲಜಿ ಸಂಘದ ಮಾರ್ಗಸೂಚಿಯೂ ಹೇಳುತ್ತದೆ. ಇನ್ನೊಂದು ಕಡೆ, ಐದಾರು ವರ್ಷ ಸುಮ್ನೆ ಡಯಪರ್ ಕಟ್ಟಿಕೊಂಡು, ಮದುವೆ ಮುಂಜಿಗೆ ಹೋಗುವುದನ್ನೇ ಬಿಟ್ಟು ಕೂತವರನ್ನೂ ನೋಡಿದ್ದೇನೆ. ಅಷ್ಟು ಕಾಯುವ ಅಗತ್ಯ ಯಾರಿಗೂ ಇಲ್ಲ.

## ಯಾವ ಆಪರೇಷನ್

ಡಾಕ್ಟರ್ ಪ್ಯಾಡ್ ತೂಕ ಮಾಡ್ಕೊಂಡು ಬನ್ನಿ ಅಂದ್ರು. ತಮಾಷೆ ಮಾಡಿದ್ರಾ?

ನಿಜಕ್ಕೂ ಮಾಡಬೇಕು. ಒಣ ಪ್ಯಾಡ್ ಎಷ್ಟು ಗ್ರಾಂ ಅಂತ ಮೊದಲು ನೋಡಿಟ್ಟುಕೊಳ್ಳಿ. 24 ಗಂಟೆಯಲ್ಲಿ ಬದಲಿಸಿದ ಪ್ಯಾಡ್‌ಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಬಾಯಿ ಕಟ್ಟಿ ಇಡಿ, ತೂಕ ಮಾಡಿ, ಒಣ ತೂಕ ಕಳೆಯಿರಿ. ಒಂದು ಗ್ರಾಂ ಅಂದರೆ ಹೆಚ್ಚುಕಮ್ಮಿ ಒಂದು ಮಿಲಿಲೀಟರ್. ಪ್ಯಾಡ್ ಎಣಿಕೆ ಮೋಸ ಮಾಡುತ್ತದೆ. ಒಬ್ಬರು ಎರಡು ಹನಿಗೆ ಬದಲಿಸುತ್ತಾರೆ, ಇನ್ನೊಬ್ಬರು ಜೋತುಬೀಳುವವರೆಗೆ ಬಿಡುತ್ತಾರೆ. ತೂಕದ ಮೇಲೆ ಯಾವ ಆಪರೇಷನ್ ಅನ್ನುವುದು ಬಹಳಮಟ್ಟಿಗೆ ನಿಂತಿದೆ. ಅಡುಗೆಮನೆಯ ತಕ್ಕಡಿ ಮುಟ್ಟಬೇಡಿ, ಮನೆಯವರ ಹತ್ತಿರ ಬೈಸಿಕೊಳ್ಳುತ್ತೀರಿ. ಬೇರೆ ಒಂದು ತಗೊಳ್ಳಿ.

ಇದರ ಜೊತೆ ಮೂತ್ರ ಪರೀಕ್ಷೆ ಇರುತ್ತದೆ. ಸಣ್ಣ ಕ್ಯಾಮೆರಾ ಒಳಗೆ ಬಿಟ್ಟು ಸಿಸ್ಟೋಸ್ಕೋಪಿ ಮಾಡುತ್ತಾರೆ, ಕೆಲವರಿಗೆ ಮೂತ್ರಕೋಶದ ಒತ್ತಡ ಅಳೆಯುವ ಯೂರೋಡೈನಾಮಿಕ್ಸ್ ಕೂಡ. ಕ್ಯಾಮೆರಾ ಯಾಕೆ ಅಂದರೆ, ಮೂತ್ರಕೋಶದ ಕುತ್ತಿಗೆ ಹಳೆಯ ಹೊಲಿಗೆಯ ಜಾಗದಲ್ಲಿ ಕಿರಿದಾಗಿದ್ದರೆ ಅದನ್ನು ಮೊದಲು ಸರಿಮಾಡಬೇಕು.

ಸ್ಲಿಂಗ್ ಅಂತಾರೆ, ಸ್ಫಿಂಕ್ಟರ್ ಅಂತಾರೆ. ಬಿಡಿಸಿ ಹೇಳಿ.

ಸ್ಲಿಂಗ್ ಅಂದರೆ ಬಲೆಯಂಥ ಒಂದು ಪಟ್ಟಿ. ಬೀಜದ ಚೀಲ ಮತ್ತು ಗುದದ್ವಾರದ ನಡುವೆ ಕೊಯ್ದು, ಮೂತ್ರನಾಳದ ಕೆಳಗೆ ತೊಟ್ಟಿಲಿನ ಹಾಗೆ ಕೂರಿಸಿ ಮೇಲಕ್ಕೆ ಎಳೆಯುತ್ತಾರೆ. ಒಳಗೆ ಯಂತ್ರ ಇಲ್ಲ, ನೀವು ಏನನ್ನೂ ಒತ್ತುವುದು, ಬಿಡುವುದು ಇಲ್ಲ. ನೀವು ಮಾಮೂಲಿನಂತೆ ಮೂತ್ರ ಮಾಡುತ್ತೀರಿ. ಆದರೆ ನಿಮ್ಮ ಸ್ವಂತ ಸ್ನಾಯುವಿನಲ್ಲಿ ಒಂದಿಷ್ಟು ಜೀವ ಉಳಿದಿದ್ದರೆ ಮಾತ್ರ ಇದರಿಂದ ಉಪಯೋಗ.

ಕೃತಕ ಸ್ಫಿಂಕ್ಟರ್ ನಿಜವಾದ ನಲ್ಲಿ. ಮೂರು ಭಾಗ. ಮೂತ್ರನಾಳದ ಸುತ್ತ ನೀರು ತುಂಬಿದ ಬಳೆಯಂಥ ಕಫ್. ಹೊಟ್ಟೆಯ ಕೆಳಭಾಗದಲ್ಲಿ ಒಂದು ಪುಟ್ಟ ಬಲೂನ್. ಬೀಜದ ಚೀಲದೊಳಗೆ ದೊಡ್ಡ ನೆಲಗಡಲೆ ಕಾಯಿಯಷ್ಟು ಒಂದು ಪಂಪ್. ಕಫ್ ಸದಾ ಮೂತ್ರನಾಳವನ್ನು ಮೆತ್ತಗೆ ಅಮುಕಿ ಹಿಡಿದಿರುತ್ತದೆ. ಮೂತ್ರಕ್ಕೆ ಹೋಗಬೇಕಾದಾಗ ಚರ್ಮದ ಮೇಲಿಂದಲೇ ಪಂಪ್ ಒತ್ತಿದರೆ ಕಫ್‌ನ ನೀರು ಬಲೂನಿಗೆ ಹೋಗಿ ದಾರಿ ಬಿಡುತ್ತದೆ. ಎರಡು ಮೂರು ನಿಮಿಷದಲ್ಲಿ ನೀರು ತಾನಾಗಿ ವಾಪಸ್ ಬಂದು ಮುಚ್ಚಿಕೊಳ್ಳುತ್ತದೆ. ಬ್ಯಾಟರಿ, ಕರೆಂಟು ಏನೂ ಬೇಡ. ಇದರ ಮೊದಲ ರೂಪವನ್ನು 1972ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಬ್ರ್ಯಾಂಟ್ಲಿ ಸ್ಕಾಟ್ ಅನ್ನುವ ಸರ್ಜನ್ ಹಾಕಿದರು. ಇವತ್ತು ಹೆಚ್ಚಾಗಿ ಹಾಕುವ ಎಎಂಎಸ್ 800 ಮಾದರಿಯ ಮೂಲ ಉಪಾಯ 1980ರ ದಶಕದಿಂದ ಹೆಚ್ಚು ಬದಲಾಗಿಲ್ಲ.

ಹಾಗಾದ್ರೆ ನನಗೆ ಯಾವುದು?

ಸೋರಿಕೆ ಸ್ವಲ್ಪ ಅಥವಾ ಮಧ್ಯಮ, ರಾತ್ರಿ ಒಣಗಿರುತ್ತದೆ, ರೇಡಿಯೇಷನ್ ಆಗಿಲ್ಲ ಅಂದರೆ ಸ್ಲಿಂಗ್ ಬಗ್ಗೆ ಯೋಚಿಸಬಹುದು. ಸೋರಿಕೆ ಜೋರಾಗಿದ್ದರೆ, ಅಂದರೆ ದಿನಕ್ಕೆ 400 ಗ್ರಾಂ ದಾಟುವಂತಿದ್ದರೆ, ಸಾಮಾನ್ಯವಾಗಿ ಸ್ಫಿಂಕ್ಟರ್ ಕಡೆಗೇ ವಾಲುತ್ತಾರೆ. ರೇಡಿಯೇಷನ್ ಆದವರಿಗೂ ಅದೇ. ಮಧ್ಯದಲ್ಲಿರುವವರಿಗೆ ಆಯ್ಕೆ ಇದೆ, ಪೀಕಲಾಟ ಇರುವುದೂ ಅಲ್ಲೇ.

ಬ್ರಿಟನ್ನಿನಲ್ಲಿ ಮಾಸ್ಟರ್ ಅನ್ನುವ ಪ್ರಯೋಗದಲ್ಲಿ 380 ಗಂಡಸರಿಗೆ ಚೀಟಿ ಎತ್ತಿದ ಹಾಗೆ ಸ್ಲಿಂಗ್ ಅಥವಾ ಸ್ಫಿಂಕ್ಟರ್ ಹಾಕಿ ಹೋಲಿಸಿದರು. ಫಲಿತಾಂಶ 2021ರಲ್ಲಿ ಬಂತು. ಒಂದು ವರ್ಷದ ನಂತರ 'ಒಂದು ಹನಿಯಾದರೂ ಸೋರುತ್ತಾ' ಅಂತ ಕಟ್ಟುನಿಟ್ಟಾಗಿ ಕೇಳಿದರೆ ಎರಡೂ ಗುಂಪಿನಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಜನ ಹೌದು ಅಂದರು. ಓದಿದಾಗ ನನಗೆ ಎದೆ ಧಸಕ್ ಅಂತು. ಆದರೆ ಅದೇ ಜನರಲ್ಲಿ ಸೋರಿಕೆ ಮೊದಲಿಗಿಂತ ತುಂಬಾ ಕಮ್ಮಿಯಾಗಿತ್ತು, ಹೆಚ್ಚಿನವರು ಆಪರೇಷನ್ ಬಗ್ಗೆ ಖುಷಿಯಾಗಿಯೇ ಇದ್ದರು, ಸ್ಫಿಂಕ್ಟರ್ ಹಾಕಿಸಿಕೊಂಡವರು ಇನ್ನೂ ಒಂದು ಕೈ ಹೆಚ್ಚು. ಎಲ್ಲರಿಗೂ ಪೂರ್ತಿ ಒಣಗಿಬಿಡುತ್ತದೆ ಅಂತ ಯಾರಾದರೂ ಹೇಳಿದರೆ ಅನುಮಾನ ಪಡಿ. ದಿನಕ್ಕೆ ಐದಾರು ಪ್ಯಾಡ್ ಹೋಗಿ, ಮುಂಜಾಗ್ರತೆಗೆ ಒಂದು ತೆಳು ಪ್ಯಾಡ್ ಅನ್ನುವ ಮಟ್ಟಕ್ಕೆ ಬಂದರೂ ಬದುಕು ಬೇರೆಯೇ. ನಾನು ಈಗ ಇರುವುದು ಅಲ್ಲೇ. ಹೊಲದಲ್ಲಿ ಬಗ್ಗಿ ಕೆಲಸ ಮಾಡಿದ ದಿನ ಎರಡು ಮೂರು ಹನಿ, ಬೇರೆ ದಿನ ಅದೂ ಇಲ್ಲ.

ಇಂಜೆಕ್ಷನ್‌ನಲ್ಲೇ ಮುಗಿಯುತ್ತಂತೆ, ಬಲೂನೂ ಇದೆಯಂತೆ?

ಮೂತ್ರನಾಳದ ಗೋಡೆಗೆ ದಪ್ಪ ಮಾಡುವ ಪದಾರ್ಥ ಚುಚ್ಚುವುದು ಉಂಟು. ಗಂಡಸರಲ್ಲಿ ಅದರ ಪ್ರಯೋಜನ ಕಮ್ಮಿ, ಬಂದರೂ ಬಹಳ ದಿನ ನಿಲ್ಲುವುದಿಲ್ಲ. ಎರಡು ಪಕ್ಕದಲ್ಲಿ ಇಟ್ಟು ಬೇಕಾದಾಗ ಹಿಗ್ಗಿಸುವ ಬಲೂನುಗಳೂ ಇವೆ, ಆದರೆ ಎಲ್ಲಾ ಕಡೆ ಹಾಕುವುದಿಲ್ಲ.

ಅಪ್ಪನಿಗೆ 78. ಈ ವಯಸ್ಸಲ್ಲಿ ಇದೆಲ್ಲ ಬೇಕಾ?

ವಯಸ್ಸು ಒಂದೇ ಅಡ್ಡಿಯಲ್ಲ. ನೋಡಬೇಕಾದ್ದು ಕೈ ಮತ್ತು ತಲೆ. ಬೆರಳಲ್ಲಿ ಸಂಧಿವಾತ, ಪಾರ್ಕಿನ್ಸನ್ಸ್ ನಡುಕ ಇದ್ದರೆ ಪಂಪ್ ಒತ್ತುವುದು ಕಷ್ಟ. ಮರೆವಿನ ಕಾಯಿಲೆ ಇದ್ದರೆ ಒತ್ತಬೇಕು ಅನ್ನುವುದೇ ನೆನಪಾಗದೆ ಮೂತ್ರ ಕಟ್ಟಿಕೊಳ್ಳಬಹುದು. ಒಂದು ಸಣ್ಣ ಪರೀಕ್ಷೆ: ಅವರು ಶರ್ಟಿನ ಗುಂಡಿ ತಾವೇ ಹಾಕಿಕೊಳ್ಳುತ್ತಾರಾ? ಹೃದಯ, ಶುಗರ್ ಹತೋಟಿಯಲ್ಲಿದೆಯಾ? ಇದ್ದರೆ ಅವರನ್ನೇ ಕೇಳಿ, ನೀವು ತೀರ್ಮಾನ ಮಾಡಬೇಡಿ.

ಖರ್ಚು ಎಷ್ಟಾಗುತ್ತೆ ಸಾರ್?

ಸ್ಫಿಂಕ್ಟರ್ ಉಪಕರಣ ಹೊರದೇಶದಿಂದ ಬರುವಂಥದ್ದು, ಬೆಲೆ ಲಕ್ಷಗಳಲ್ಲೇ. ಬಿಲ್ಲಿನ ದೊಡ್ಡ ಪಾಲು ಅದೇ ನುಂಗುತ್ತದೆ. ಸ್ಲಿಂಗ್ ಅದಕ್ಕಿಂತ ಅಗ್ಗ. ಮೊದಲೇ ಎಸ್ಟಿಮೇಟ್ ಬರಹದಲ್ಲಿ ತಗೊಳ್ಳಿ, ಉಪಕರಣದ ಬೆಲೆ ಬೇರೆಯಾಗಿ ಬರೆಸಿ. ಇನ್ಶೂರೆನ್ಸ್‌ನವರಿಗೆ ಇದು ಕ್ಯಾನ್ಸರ್ ಚಿಕಿತ್ಸೆಯ ನಂತರದ ತೊಂದರೆ ಅಂತ ಡಾಕ್ಟರ್ ಪತ್ರ ಇದ್ದರೆ ಮಾತು ಸಲೀಸು. ನನ್ನದು ಒಂದು ಸಲ ತಿರಸ್ಕಾರ ಆಗಿ, ಪತ್ರ ಇಟ್ಟು ಮತ್ತೆ ಹಾಕಿದ ಮೇಲೆ ಪಾಸಾಯಿತು. ಮೊದಲ ತಪಾಸಣೆಗೆ ದೊಡ್ಡ ಖಾಸಗಿ ಆಸ್ಪತ್ರೆಗೇ ಹೋಗಬೇಕು ಅಂತಿಲ್ಲ. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಮೂತ್ರಪಿಂಡ, ಮೂತ್ರರೋಗಕ್ಕೇ ಇರುವ ಸರ್ಕಾರಿ ನೆಫ್ರೋ-ಯೂರಾಲಜಿ ಸಂಸ್ಥೆ ಇದೆ.

## ಆಸ್ಪತ್ರೆ ಮತ್ತು ಮನೆ

ಆಸ್ಪತ್ರೇಲಿ ಎಷ್ಟು ದಿನ? ನೋವು ಹೇಗಿರುತ್ತೆ?

ಬೆನ್ನಿಗೆ ಇಂಜೆಕ್ಷನ್ ಅಥವಾ ಪೂರ್ತಿ ಅರಿವಳಿಕೆ. ಹೆಚ್ಚಿನವರು ಒಂದೆರಡು ದಿನದಲ್ಲಿ ಮನೆಗೆ ಬರುತ್ತಾರೆ, ಕ್ಯಾತಿಟರ್ ಸಾಮಾನ್ಯವಾಗಿ ಮಾರನೇ ದಿನ ತೆಗೆಯುತ್ತಾರೆ. ಸ್ಲಿಂಗ್ ಆದವರಲ್ಲಿ ಕೆಲವರಿಗೆ ಕೆಲವು ದಿನ ಮೂತ್ರ ಸರಿಯಾಗಿ ಹೋಗದೆ ಮತ್ತೆ ಪೈಪ್ ಹಾಕಬೇಕಾಗಬಹುದು, ಊತ ಇಳಿದ ಮೇಲೆ ಸರಿಹೋಗುತ್ತದೆ. ಬೀಜದ ಚೀಲ ಊದಿ, ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಯಾರೂ ಮೊದಲೇ ಹೇಳದೆ ನಾನು ಕನ್ನಡಿ ನೋಡಿ ಬೆವೆತುಬಿಟ್ಟೆ. ಬಟ್ಟೆಯಲ್ಲಿ ಸುತ್ತಿದ ಐಸ್, ಬಿಗಿ ಚಡ್ಡಿ, ಮೆತ್ತನೆ ದಿಂಬು. ಕೂರುವಾಗಿನ ನೋವು ಎರಡು ಮೂರು ವಾರ ಕಾಡುತ್ತದೆ.

ಅಷ್ಟು ದುಡ್ಡು ಕೊಟ್ಟು ಸ್ಫಿಂಕ್ಟರ್ ಹಾಕಿಸ್ಕೊಂಡೆ, ಇನ್ನೂ ಸೋರ್ತಾನೇ ಇದೆ! ಮೋಸ ಹೋದೆನಾ?

ಎಷ್ಟನೇ ದಿನ? ಆರು ವಾರ ಆಗಿಲ್ಲ ಅಂದರೆ ಅದು ಸೋರಲೇಬೇಕು. ಹಾಕುವಾಗಲೇ ಕಫ್ ತೆರೆದ ಸ್ಥಿತಿಯಲ್ಲಿ ಲಾಕ್ ಮಾಡಿರುತ್ತಾರೆ, ಒಳಗಿನ ಗಾಯ ಮಾಗಲಿ ಅಂತ. ಸುಮಾರು ಆರು ವಾರದ ನಂತರ ಕ್ಲಿನಿಕ್‌ನಲ್ಲಿ ಅದನ್ನು ಚಾಲೂ ಮಾಡಿ ಒತ್ತುವುದನ್ನು ಕಲಿಸುತ್ತಾರೆ. ಅಲ್ಲಿಯವರೆಗೆ ಹಳೆ ಪ್ಯಾಡ್ ಸಂಸಾರವೇ. ಈ ಆರು ವಾರ ಮನಸ್ಸಿಗೆ ತುಂಬಾ ಕಷ್ಟ. ಮನೆಯವರಿಗೂ ಮೊದಲೇ ಹೇಳಿಡಿ, ಇಲ್ಲದಿದ್ದರೆ 'ಏನೂ ಆಗಲಿಲ್ವಲ್ಲ' ಅನ್ನುವ ಮುಖ ದಿನಾ ನೋಡಬೇಕಾಗುತ್ತದೆ.

ನೆಲದ ಮೇಲೆ ಕೂತು ಊಟ, ಇಂಡಿಯನ್ ಟಾಯ್ಲೆಟ್, ಸ್ಕೂಟರ್. ಯಾವಾಗಿಂದ?

ಇಂಗ್ಲಿಷ್ ಪುಸ್ತಿಕೆಗಳಲ್ಲಿ ಸೈಕಲ್, ಕುದುರೆ ಸವಾರಿ ಅಂತ ಬರೆದಿರುತ್ತಾರೆ. ನಮಗೆ ಬೇಕಾದ್ದು ಇದು. ಸ್ಲಿಂಗ್ ಆದವರು ಕನಿಷ್ಠ ಆರು ವಾರ ಕುಕ್ಕರಗಾಲಲ್ಲಿ ಕೂರುವುದು, ಕಾಲು ಅಗಲಿಸುವುದು, ಚಕ್ಕಳಮಕ್ಕಳ, ಬಿಂದಿಗೆ, ಗ್ಯಾಸ್ ಸಿಲಿಂಡರ್ ಎಲ್ಲ ಬಿಡಬೇಕು. ಕೆಲವು ಸರ್ಜನ್‌ಗಳು ಮೂರು ತಿಂಗಳು ಅನ್ನುತ್ತಾರೆ. ಕಾರಣ ಸರಳ. ಪಟ್ಟಿ ಒಳಗಿನ ಮಾಂಸಕ್ಕೆ ಹತ್ತಿಕೊಳ್ಳುವ ಮೊದಲು ಜಾರಿದರೆ ಆಪರೇಷನ್ ಮಾಡಿಸಿದ್ದೇ ದಂಡ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಮಾತ್ರ ಇದ್ದರೆ ಆಪರೇಷನ್‌ಗೆ ಮೊದಲೇ ಕಮೋಡ್ ಕುರ್ಚಿ ತನ್ನಿ. ಸ್ಫಿಂಕ್ಟರ್ ಆದವರೂ ಆರು ವಾರ ಭಾರ ಎತ್ತಬಾರದು, ಬೈಕ್ ಹತ್ತಬಾರದು. ಆಮೇಲೂ ಸೈಕಲ್ ಸೀಟು ಸರಿಯಾಗಿ ಕಫ್ ಇರುವ ಜಾಗಕ್ಕೇ ಒತ್ತುತ್ತದೆ, ಡಾಕ್ಟರನ್ನು ಕೇಳಿಯೇ ತುಳಿಯಿರಿ. ನಡಿಗೆ ಮಾತ್ರ ಮೊದಲ ದಿನದಿಂದಲೇ.

ಪಂಪ್ ಒತ್ತೋದು ಹೊರಗಡೆ ಯಾರಿಗಾದ್ರೂ ಗೊತ್ತಾಗುತ್ತಾ?

ಗೊತ್ತಾಗುವುದಿಲ್ಲ. ಬಸ್ ಸ್ಟ್ಯಾಂಡಿನ ಶೌಚಾಲಯದಲ್ಲಿ ನಿಂತು ಮಾಡಬಹುದು, ಅಕ್ಕಪಕ್ಕದವರು ಜಿಪ್ ಸರಿಮಾಡುತ್ತಿದ್ದಾನೆ ಅಂದುಕೊಳ್ಳುತ್ತಾರೆ. ಒಂದು ಕೈಯಲ್ಲಿ ಪಂಪಿನ ಮೇಲಿನ ಕೊಳವೆ ಹಿಡಿದು, ಇನ್ನೊಂದರಲ್ಲಿ ಪಂಪಿನ ಮೆತ್ತನೆ ಕೆಳಭಾಗ ಕೆಲವು ಸಲ ಹಿಚುಕಬೇಕು, ಅದು ಚಪ್ಪಟೆಯಾಗುವವರೆಗೆ. ಮೂತ್ರ ಪೂರ್ತಿ ಹೋಗುವ ಮುಂಚೆ ಮುಚ್ಚಿಕೊಂಡರೆ ಮತ್ತೆ ಒತ್ತಿ. ಮೊದಲ ವಾರ ಬೆವರು, ಎರಡನೇ ವಾರ ಅಭ್ಯಾಸ.

ಗಂಡ-ಹೆಂಡತಿ ಸಂಬಂಧಕ್ಕೆ ಏನಾದ್ರೂ ತೊಂದರೆ?

ಚಾಲೂ ಮಾಡುವವರೆಗೆ ಬೇಡ ಅನ್ನುತ್ತಾರೆ. ಆಮೇಲೆ ತೊಂದರೆ ಇಲ್ಲ. ನಿಮಿರುವಿಕೆ ಕಮ್ಮಿಯಾಗಿದ್ದರೆ ಅದು ಹೆಚ್ಚಾಗಿ ಹಳೆಯ ಪ್ರಾಸ್ಟೇಟ್ ಆಪರೇಷನ್ನಿಂದ, ಅದರ ಚಿಕಿತ್ಸೆಯೇ ಬೇರೆ. ಸುಖದ ಹೊತ್ತಿನಲ್ಲಿ ಮೂತ್ರ ಜಾರುವುದು ಬಹಳ ಗಂಡಸರಿಗೆ ಇರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಸೋರಿಕೆಯ ಆಪರೇಷನ್ ಆದಮೇಲೆ ಅದೂ ಕಮ್ಮಿಯಾಗುವುದುಂಟು.

## ವರ್ಷಗಳು ಕಳೆದ ಮೇಲೆ

ಇದು ಎಷ್ಟು ವರ್ಷ ಬಾಳಿಕೆ ಬರುತ್ತೆ?

ಯಂತ್ರ ಅಂದಮೇಲೆ ಸವೆಯುತ್ತದೆ. ಐದು ವರ್ಷದೊಳಗೆ ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಹತ್ತು ವರ್ಷದೊಳಗೆ ಹೆಚ್ಚುಕಮ್ಮಿ ಅರ್ಧ ಜನಕ್ಕೆ ಕೈಕೊಡುತ್ತದೆ ಅನ್ನುವುದು ಡಾಕ್ಟರ್‌ಗಳ ಲೆಕ್ಕ. ಕೆಲವರದು ಎಲ್ಲೋ ದ್ರವ ಸೋರಿ ಕೆಡುತ್ತದೆ. ಕೆಲವರಿಗೆ ಕಫ್ ಕೆಳಗಿನ ಮೂತ್ರನಾಳ ಸಣ್ಣಗಾಗಿ ಹಿಡಿತ ಸಡಿಲವಾಗುತ್ತದೆ. ಇವೆರಡಕ್ಕೂ ಭಾಗ ಬದಲಿಸಿ ಮತ್ತೆ ಹಾಕಬಹುದು. ಸ್ಲಿಂಗ್ ಫಲ ಕೊಡದಿದ್ದವರಿಗೂ ಆಮೇಲೆ ಸ್ಫಿಂಕ್ಟರ್ ಹಾಕಬಹುದು, ದಾರಿ ಮುಚ್ಚುವುದಿಲ್ಲ.

ಯಾವ ಲಕ್ಷಣ ಕಂಡ್ರೆ ತಕ್ಷಣ ಓಡಬೇಕು?

ಬೀಜದ ಚೀಲ ಕೆಂಪಾಗಿ, ಬಿಸಿಯಾಗಿ ನೋಯುವುದು, ಪಂಪ್ ಚರ್ಮಕ್ಕೆ ಅಂಟಿಕೊಂಡ ಹಾಗಿರುವುದು, ಚಳಿಜ್ವರ, ಗಾಯದಿಂದ ಕೀವು. ಇದು ಸೋಂಕು. ಮೂತ್ರದಲ್ಲಿ ರಕ್ತ, ಉರಿ, ಚೆನ್ನಾಗಿದ್ದ ಉಪಕರಣ ಇದ್ದಕ್ಕಿದ್ದಂತೆ ಸೋರಲು ಶುರು. ಇದು ಕಫ್ ಮೂತ್ರನಾಳದೊಳಕ್ಕೆ ಕೊರೆದಿರುವ ಸೂಚನೆ ಇರಬಹುದು. ಎರಡರಲ್ಲೂ ಸಾಮಾನ್ಯವಾಗಿ ಇಡೀ ಉಪಕರಣ ತೆಗೆದು, ಕೆಲವು ತಿಂಗಳು ಬಿಟ್ಟು ಮತ್ತೆ ಹಾಕುತ್ತಾರೆ. ಮೂತ್ರವೇ ಹೋಗದೆ ಹೊಟ್ಟೆ ಉಬ್ಬಿದರೆ ಬೆಳಗಾಗಲಿ ಅಂತ ಕಾಯಬೇಡಿ.

ಎಂಆರ್‌ಐ ಮಾಡಿಸಬಹುದಾ?

ಎಎಂಎಸ್ 800 ಇದ್ದವರು ನಿಗದಿತ ಷರತ್ತುಗಳೊಳಗೆ ಮಾಡಿಸಬಹುದು. ಉಪಕರಣದ ಕಾರ್ಡ್ ತೋರಿಸಿ.

ಮುಂದೆ ಬೇರೆ ಆಪರೇಷನ್ ಆಗಬೇಕಾದ್ರೆ, ಯೂರಿನ್ ಪೈಪ್ ಹಾಕ್ತಾರಲ್ಲ, ಆಗ?

ಎಲ್ಲರೂ ಕೊನೆಗೆ ಕೇಳುವ ಪ್ರಶ್ನೆ, ನನ್ನ ಪ್ರಕಾರ ಮೊದಲು ಕೇಳಬೇಕಾದ್ದು. ಸ್ಫಿಂಕ್ಟರ್ ಮುಚ್ಚಿರುವಾಗ ಕ್ಯಾತಿಟರ್ ತುರುಕಿದರೆ ಮೂತ್ರನಾಳ ಹರಿಯಬಹುದು, ಕಫ್ ಒಳಕ್ಕೆ ಕೊರೆಯಬಹುದು. ಪೈಪ್ ಹಾಕುವ ಮೊದಲು ಕಫ್ ಖಾಲಿ ಮಾಡಿ, ಪಂಪಿನ ಮೇಲ್ಭಾಗದ ಸಣ್ಣ ಗುಂಡಿ ಒತ್ತಿ ಲಾಕ್ ಮಾಡಬೇಕು. ಆಮೇಲೆ ಸಣ್ಣ ಗಾತ್ರದ ಪೈಪ್, ಅದೂ ಎಷ್ಟು ಕಮ್ಮಿ ಹೊತ್ತು ಸಾಧ್ಯವೋ ಅಷ್ಟು.

ನನಗೆ ಒಂದು ಸಲ ಜ್ವರ ಬಂದು ತಾಲ್ಲೂಕು ಮಟ್ಟದ ಒಂದು ನರ್ಸಿಂಗ್ ಹೋಂಗೆ ಸೇರಿಸಿದ್ದರು. ನರ್ಸ್ ಪೈಪ್ ಹಿಡಿದು ಬಂದರು. ನನಗೆ ಎಚ್ಚರ ಇತ್ತು, ಬೇಡಮ್ಮಾ ಅಂದೆ. ಅವರಿಗೆ ಇಂಥದ್ದೊಂದು ಇದೆ ಅಂತಲೇ ಗೊತ್ತಿರಲಿಲ್ಲ, ಅವರ ತಪ್ಪೂ ಅಲ್ಲ. ಎಚ್ಚರ ಇಲ್ಲದಿದ್ದರೆ? ಅವತ್ತಿನಿಂದ ಪರ್ಸಿನಲ್ಲಿ ಕಂಪನಿ ಕೊಟ್ಟ ಕಾರ್ಡ್ ಇದೆ, ಕೈಯಲ್ಲಿ ಒಂದು ಸ್ಟೀಲ್ ಕಡಗ ಇದೆ. ಅದರ ಮೇಲೆ 'ಮೂತ್ರನಾಳದಲ್ಲಿ ಕೃತಕ ಸ್ಫಿಂಕ್ಟರ್ ಇದೆ, ಆಫ್ ಮಾಡದೆ ಕ್ಯಾತಿಟರ್ ಹಾಕಬೇಡಿ' ಅಂತ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕೆತ್ತಿಸಿದ್ದೇನೆ. ಹೆಂಡತಿಗೆ, ಇಬ್ಬರು ಮಕ್ಕಳಿಗೆ, ಸೊಸೆಗೂ ಹೇಳಿದ್ದೇನೆ. ಸೊಸೆಗೆ ಹೇಳುವಾಗ ನಾಚಿಕೆಯಾಯಿತು. ಆಂಬುಲೆನ್ಸ್‌ನಲ್ಲಿ ನನ್ನ ಪಕ್ಕ ಕೂರುವವಳು ಅವಳೇ ಆಗಿರಬಹುದು ಅಂತ ಹೇಳಿಬಿಟ್ಟೆ.